ಹನ್ನೊಂದು ಹಂಪ್‌ಗಳ ದಾರಿ

"ಬುದ್ಧಿ, ತಕ್ಕ ದಾರಿ ಸಿಗದವನು ಏನು ಮಾಡಬೇಕು?"

ಕೇಳಿದವನು ವಾಗೀಶ. ಊರಿನಲ್ಲಿ ಹಲ್ಲಿನ ಡಾಕ್ಟರು, ಹದಿನೈದು ವರ್ಷದಿಂದ ಮಠಕ್ಕೆ ನಡೆದುಕೊಳ್ಳುವ ಶಿಷ್ಯ. ಗುರುಗಳು ಓದುತ್ತಿದ್ದ ಪುಸ್ತಕವನ್ನು ಮುಚ್ಚಿ ಕನ್ನಡಕ ತೆಗೆದರು. ಕೊನೆಗೂ ಶಿಷ್ಯನೊಬ್ಬ ಮೋಕ್ಷದ ವಿಚಾರ ಎತ್ತಿದನಲ್ಲ ಎಂದು ಅವರಿಗೆ ಸಂತೋಷವಾಗಿತ್ತು.

"ಯಾವ ದಾರಿಯಪ್ಪ?"

"ಕಾರಿನ ದಾರಿ, ಬುದ್ಧಿ."

ಗುರುಗಳು ಕನ್ನಡಕವನ್ನು ಮತ್ತೆ ಹಾಕಿಕೊಂಡರು.

ವಾಗೀಶ ತನ್ನ ಸಂಕಟ ಹೇಳಿಕೊಂಡ. ಎರಡು ವರ್ಷದ ಹಿಂದೆ ಅವನೊಂದು ವೇಗದ ಕಾರು ಕೊಂಡಿದ್ದ. ನೋಡುವವರಿಗೆ ನಾಲ್ಕು ಬಾಗಿಲಿನ ಮನೆಬಳಕೆಯ ಕಾರು; ಒಳಗಿರುವುದು ಪಂದ್ಯದ ಎಂಜಿನ್. ಗಂಟೆಗೆ ಇನ್ನೂರೈವತ್ತು ಕಿಲೋಮೀಟರ್ ಓಡಬಲ್ಲದು. ಅವನು ದಿನವೂ ಓಡಿಸುತ್ತಿದ್ದದ್ದು ಮನೆಯಿಂದ ಆಸ್ಪತ್ರೆಗೆ, ಎಮ್ಮೆಗಳ ಹಿಂದೆ. ಮಠದ ಹೆಬ್ಬಾಗಿಲಿನ ಕಲ್ಲು ತಳಕ್ಕೆ ತಾಗುತ್ತದೆಂದು ಈಗಲೂ ಅದನ್ನು ಹೊರಗೇ ನಿಲ್ಲಿಸಿ ನಡೆದು ಬಂದಿದ್ದ.

"ಭಾನುವಾರ ಒಬ್ಬರು ಕೊಳ್ಳೋಕೆ ಬರ್ತಾರೆ ಬುದ್ಧಿ. ಕೊಡೋಕೂ ಮನಸ್ಸಿಲ್ಲ, ಇಟ್ಕೊಳ್ಳೋಕೂ ಇಲ್ಲ. ಎರಡು ವರ್ಷ ಸುಮ್ಮನೆ ವ್ಯರ್ಥ ಆಯ್ತು. ಅದು ನಿಜವಾಗಿ ಓಡಿದ ದಿನ ಒಂದೂ ಇಲ್ಲ."

ಗುರುಗಳು ನಕ್ಕರು. "ನಿನ್ನಂಥವನೇ ಒಬ್ಬನಿದ್ದ" ಎಂದು ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ವ್ಯಾಪಾರಿ. ಪಂಪ್‌ಸೆಟ್ ಮಾರುತ್ತಿದ್ದ. ದುಡಿದು ಮೇಲೆ ಬಂದವನು, ಕುಡಿತವಿಲ್ಲ, ಇಸ್ಪೀಟಿಲ್ಲ. ಇದ್ದದ್ದು ಒಂದೇ ಹುಚ್ಚು, ವೇಗದ ಹುಚ್ಚು. ಅಂಥದೊಂದು ಕಾರು ತಂದ. ನಿಂತಲ್ಲಿಂದ ನಾಲ್ಕು ಸೆಕೆಂಡಿಗೆ ನೂರು, ಹದಿಮೂರು ಸೆಕೆಂಡಿಗೆ ಇನ್ನೂರು. ಈ ಅಂಕಿಗಳು ಅವನಿಗೆ ಬಾಯಿಪಾಠ. ಪಂಪ್ ಕೊಳ್ಳಲು ಬಂದ ರೈತನಿಗೂ ಹೇಳುತ್ತಿದ್ದ. ಪಾಪ, ರೈತ ತಲೆಯಾಡಿಸಿ, ಪಂಪು ಎಷ್ಟು ಇಂಚು ನೀರು ಎತ್ತುತ್ತದೆ ಎಂದು ಕೇಳುತ್ತಿದ್ದ.

ಅವನ ಮನೆಯಿಂದ ಅಂಗಡಿಗೆ ನಾಲ್ಕು ಕಿಲೋಮೀಟರ್. ಆ ನಾಲ್ಕು ಕಿಲೋಮೀಟರಿನಲ್ಲಿ ಹನ್ನೊಂದು ಹಂಪ್. ನಮ್ಮ ಜನರ ಸ್ವಭಾವ ನಿನಗೆ ಗೊತ್ತಲ್ಲ. ಒಂದು ಕೋಳಿ ಚಕ್ರಕ್ಕೆ ಸಿಕ್ಕರೆ ಸಾಕು, ಸಂಜೆಯೊಳಗೆ ಓಣಿಯವರೇ ಮಣ್ಣು ಕಲ್ಲು ಹೊತ್ತು ತಂದು ರಸ್ತೆಗೆ ಅಡ್ಡ ಒಂದು ದಿಬ್ಬ ಕಟ್ಟುತ್ತಾರೆ. ಮುಂದೆ ಟಾರು ಹಾಕುವವರು ಬಂದಾಗ ಅದರ ಮೇಲೆಯೇ ಟಾರು ಬೀಳುತ್ತದೆ. ಅಲ್ಲಿಗೆ ಅದು ಶಾಶ್ವತ. ಊರಿನವರು ವ್ಯಾಪಾರಿಯನ್ನು ನೋಡಿ, ಬಿಳಿ ಆನೆ ಸಾಕಿದ್ದಾನೆ ಎಂದು ನಗುತ್ತಿದ್ದರು.

ಕಾರಿನ ಹೊಟ್ಟೆ ನೆಲಕ್ಕೆ ಹತ್ತಿರ. ಏಳು ಹಂಪ್‌ಗಳನ್ನು ಓರೆಯಾಗಿ ಹತ್ತಿಸಿ ಇಳಿಸಬಹುದಿತ್ತು. ಉಳಿದ ನಾಲ್ಕು ಎತ್ತರದವು. ಒಬ್ಬನೇ ಇದ್ದರೆ ಕಾರು ಹೇಗೋ ದಾಟುತ್ತಿತ್ತು. ಪಕ್ಕದಲ್ಲಿ ಇನ್ನೊಬ್ಬರು ಕೂತರೆ ತಳ ಉಜ್ಜುತ್ತಿತ್ತು. ಆ ಸದ್ದು ಕೇಳಿದರೆ ವ್ಯಾಪಾರಿಗೆ ತನ್ನ ಚರ್ಮವೇ ಕಿತ್ತುಬಂದ ಹಾಗಾಗುತ್ತಿತ್ತು.

ಪಕ್ಕದಲ್ಲಿ ಕೂರುತ್ತಿದ್ದವನು ಅವನ ಅಪ್ಪ.

ಅಪ್ಪ ಸರ್ಕಾರಿ ಬಸ್ಸಿನಲ್ಲಿ ಮೂವತ್ತೆರಡು ವರ್ಷ ಕಂಡಕ್ಟರ್ ಆಗಿದ್ದವನು. ನಿವೃತ್ತಿಯ ಮೇಲೂ ಬೆಳಗ್ಗೆ ಬಸ್ ನಿಲ್ದಾಣಕ್ಕೆ ಹೋಗದಿದ್ದರೆ ಅವನಿಗೆ ತಿಂದದ್ದು ಅರಗುತ್ತಿರಲಿಲ್ಲ. ಅಲ್ಲಿನ ಕ್ಯಾಂಟೀನಿನಲ್ಲಿ ಹಳೆಯ ಡ್ರೈವರು ಕಂಡಕ್ಟರುಗಳ ಒಂದು ಬೆಂಚು ಇತ್ತು. ಅಂಗಡಿ ನಿಲ್ದಾಣದ ಎದುರಿಗೇ ಇದ್ದುದರಿಂದ ತಂದೆ ಮಗ ಜೊತೆಯಲ್ಲೇ ಹೋಗುತ್ತಿದ್ದರು, ಮಧ್ಯಾಹ್ನ ಊಟಕ್ಕೆ ಜೊತೆಯಲ್ಲೇ ಬರುತ್ತಿದ್ದರು.

ತಳ ಉಜ್ಜುವುದನ್ನು ಅಪ್ಪ ಎರಡು ದಿನ ನೋಡಿದ. ಮೂರನೆಯ ದಿನ, ನೀರಿನ ಟ್ಯಾಂಕಿನ ಹತ್ತಿರದ ಹಂಪ್ ಬರುತ್ತಿದ್ದ ಹಾಗೆ, "ಯಾರ್ರೀ ಟ್ಯಾಂಕು? ಇಳೀರಿ, ಇಳೀರಿ" ಎಂದು ಕೂಗಿ ತಾನೇ ಇಳಿದ. ಕಾರಿನ ಮುಂದೆ ಹೋಗಿ ನಿಂತ. ಬಗ್ಗಿ ತಳ ನೋಡಿದ. "ಬರ್ಲಿ, ಬರ್ಲಿ, ಬಲಕ್ಕೆ ಒಂಚೂರು, ಹೋಲ್ಡಾನ್, ಈಗ ಬರ್ಲಿ" ಎಂದು ಕೈ ಬೀಸಿ ಕಾರನ್ನು ದಾಟಿಸಿದ. ಆಮೇಲೆ ಹಿಂಬದಿಗೆ ಎರಡು ಸಲ ತಟ್ಟಿ, "ರೈಟ್" ಎಂದ. ಹೇಳಿದ ಮೇಲೆ ನೆನಪಾಯಿತು, ತಾನು ಇನ್ನೂ ಹತ್ತಿಲ್ಲ. ನಗುತ್ತ ಓಡಿಬಂದು ಹತ್ತಿದ.

ಅಂದಿನಿಂದ ಅದೇ ಪದ್ಧತಿಯಾಯಿತು. ಅಪ್ಪ ಹನ್ನೊಂದು ಹಂಪ್‌ಗೂ ಹೆಸರಿಟ್ಟ. ಗಿರಣಿ ಹಂಪು, ಶಾಲೆ ಹಂಪು, ಟ್ಯಾಂಕು, ಗುಡಿ. ಒಂದಕ್ಕೆ ರುದ್ರವ್ವನ ಕೋಳಿ ಎಂದೇ ಹೆಸರು. ಎತ್ತರದ ನಾಲ್ಕರಲ್ಲಿ ಅವನು ಕೂಗಿ, ಇಳಿದು, ಕಾರನ್ನು ದಾಟಿಸಿ ಮತ್ತೆ ಹತ್ತುತ್ತಿದ್ದ. ಹೋಗುವಾಗ ನಾಲ್ಕು ಸಲ, ಬರುವಾಗ ನಾಲ್ಕು ಸಲ.

ಮಗನಿಗೆ ನಾಚಿಕೆ. ಶಾಲೆ ಹಂಪಿನಲ್ಲಿ ಮೇಷ್ಟರುಗಳು ಗೇಟಿಗೆ ಬಂದು ನಿಂತು ನೋಡುತ್ತಿದ್ದರು. ಹಿಂದಿನಿಂದ ಟ್ರ್ಯಾಕ್ಟರಿನವನು ಹಾರನ್ ಬಜಾಯಿಸುತ್ತಿದ್ದ. ನಾಲ್ಕು ಸೆಕೆಂಡಿಗೆ ನೂರು ಮುಟ್ಟುವ ಕಾರು, ಒಬ್ಬ ಮುದುಕ ಹತ್ತಲಿ ಎಂದು ಬಾಗಿಲು ತೆರೆದುಕೊಂಡು ನಿಂತಿರುತ್ತಿತ್ತು. ಅವನು ಬಾಯಿಬಿಟ್ಟು ಏನೂ ಅನ್ನುತ್ತಿರಲಿಲ್ಲ. ಗಡಿಯಾರ ನೋಡಿಕೊಳ್ಳುತ್ತಿದ್ದ, ಸ್ಟೇರಿಂಗಿನ ಮೇಲೆ ಬೆರಳು ಕುಟ್ಟುತ್ತಿದ್ದ.

ಒಂದು ದಿನ ಅಪ್ಪನಿಗೆ ಹೇಳಿದ. "ಅಪ್ಪಾ, ಈ ಕಾರು ಅಂದ್ರೆ ಇಷ್ಟೇ ಅಲ್ಲ. ಊರಾಚೆ ಬೈಪಾಸ್ ರಸ್ತೆ ಮಾಡ್ತಿದಾರಲ್ಲ, ಅದು ಆಗ್ಲಿ. ಒಂದು ದಿನ ಕೂರಿಸ್ಕೊಂಡು ಹೋಗಿ ಇದು ಏನು ಅಂತ ತೋರಿಸ್ತೀನಿ."

"ಆಗ್ಲಿ ಬಿಡಪ್ಪ" ಎಂದ ಅಪ್ಪ. "ಯಾರ್ರೀ ಗುಡಿ, ಇಳೀರಿ!"

ತಾನು ಕೊಟ್ಟ ಆ ಮಾತು ಮಗನ ಎದೆಯಲ್ಲಿ ಕೂತಿತು. ಜೀವಮಾನವೆಲ್ಲ ಡಕೋಟ ಬಸ್ಸಿನಲ್ಲಿ ಕಳೆದ ಅಪ್ಪನಿಗೆ ಒಮ್ಮೆ ನಿಜವಾದ ವೇಗ ತೋರಿಸಬೇಕು. ಆಮೇಲೆ ಮಾರಿದರೂ ಚಿಂತೆಯಿಲ್ಲ. ಅವನು ಆ ದಿನಕ್ಕಾಗಿಯೇ ಕಾರನ್ನು ಇಟ್ಟುಕೊಂಡಿದ್ದ ಎಂದರೂ ತಪ್ಪಲ್ಲ.

ನಾಳೆ ಎಂದವನ ಮನೆ ಹಾಳು ಎನ್ನುತ್ತಾರೆ. ಇವನು ನಾಳೆ ನಾಳೆ ಎನ್ನುತ್ತ ಆರು ವರ್ಷ ಕಳೆದ. ರಸ್ತೆ ಅರ್ಧ ಆದಾಗ ಟೈರು ಸವೆದಿತ್ತು. ಟೈರು ತರಿಸುವ ಹೊತ್ತಿಗೆ ಸೇತುವೆ ಬಿರುಕು ಬಿಟ್ಟಿದೆಯೆಂದು ರಸ್ತೆ ಮುಚ್ಚಿದರು. ಹುಚ್ಚು ಬಿಟ್ಟ ಹೊರತು ಮದುವೆಯಿಲ್ಲ, ಮದುವೆಯಾದ ಹೊರತು ಹುಚ್ಚು ಬಿಡುವುದಿಲ್ಲ, ಹಾಗಾಯಿತು ಕತೆ. ಈ ನಡುವೆ ದಿನಕ್ಕೆ ಎಂಟು ಸಲ ಅಪ್ಪ ಇಳಿದ, ಎಂಟು ಸಲ ಹತ್ತಿದ. ಆ ಆರು ವರ್ಷದಲ್ಲಿ ತಂದೆ ಮಗ ಆಡಿದಷ್ಟು ಮಾತನ್ನು ಅವರು ಹಿಂದೆಂದೂ ಆಡಿರಲಿಲ್ಲ. ಕಂಡಕ್ಟರ್ ಕೆಲಸದಲ್ಲಿದ್ದಾಗ ಅಪ್ಪ ಮನೆಗೆ ಬರುತ್ತಿದ್ದದ್ದೇ ಎರಡು ದಿನಕ್ಕೊಮ್ಮೆ, ಅದೂ ಮಲಗಲು. ರುದ್ರವ್ವನ ಕೋಳಿಗೂ ಗಿರಣಿಗೂ ನಡುವಿನ ಅರ್ಧ ಫರ್ಲಾಂಗಿನಲ್ಲಿ ಅವನು, ತಾನು ಮೊದಲ ದಿನ ಟಿಕೆಟ್ ಹರಿದದ್ದು, ಮಗನ ತಾಯಿಯನ್ನು ಮೊದಲು ನೋಡಿದ್ದು ತನ್ನ ಬಸ್ಸಿನಲ್ಲೇ ಎಂಬುದು, ಎಲ್ಲವನ್ನೂ ಹೇಳಿದ್ದ. ಮಗ ಒಂದು ಕಿವಿಯಲ್ಲಿ ಕೇಳುತ್ತಿದ್ದ. ಇನ್ನೊಂದು ಕಿವಿ ಕಾರಿನ ತಳದ ಮೇಲಿರುತ್ತಿತ್ತು.

ಏಳನೆಯ ವರ್ಷ ಅಪ್ಪನ ಮಂಡಿ ಸೋತಿತು. ಇಂಥ ಕಾರಿಗೆ ಹತ್ತುವುದು ಎಂದರೆ ನೆಲದ ಮೇಲಿನ ಮಣೆಗೆ ಕೂತ ಹಾಗೆ. ಒಂದು ಬೆಳಗ್ಗೆ ಅವನು ಟ್ಯಾಂಕಿನ ಹತ್ತಿರ ಇಳಿದ, ಕಾರನ್ನು ದಾಟಿಸಿದ. ಮತ್ತೆ ಹತ್ತಲು ಆಗಲಿಲ್ಲ. ಬಾಗಿಲು ಹಿಡಿದು ಮೂರು ಸಲ ಬಗ್ಗಿ ನೋಡಿದ. "ನೀನು ನಡಿ, ನಾನು ಆಟೋದಲ್ಲಿ ಬರ್ತೀನಿ" ಎಂದ. ಅದೇ ಕೊನೆ. ಅದು ಕೊನೆ ಎಂದು ಇಬ್ಬರಿಗೂ ಗೊತ್ತಾಗಲಿಲ್ಲ. ಗೊತ್ತಾಗಿದ್ದರೆ ಮಗ ಅವತ್ತು ಅಷ್ಟು ಬೇಗ ಹೊರಡುತ್ತಿರಲಿಲ್ಲ.

ಎರಡು ತಿಂಗಳಿಗೆ ಬೈಪಾಸ್ ತೆರೆಯಿತು.

ಮಗ ಅಪ್ಪನನ್ನು ಕರೆದ. ಸೀಟಿನ ಮೇಲೆ ಎರಡು ದಿಂಬು ಹಾಕಿದ. ಕಂಕುಳಿಗೆ ಕೈ ಕೊಟ್ಟು ಎತ್ತಿ ಕೂರಿಸಲು ನೋಡಿದ. ಅಪ್ಪ ನೋವು ತಡೆಯಲಾರದೆ ಕೂಗಿಕೊಂಡ. ಮಗ ಕೈಬಿಟ್ಟ. "ನೀನು ಹೋಗಿ ಬಾರಪ್ಪ. ಬಂದು ಹೇಳು" ಎಂದು ಅಪ್ಪ ಜಗಲಿಯ ಮೇಲೆ ಕೂತ.

ಮಗ ಒಬ್ಬನೇ ಹೋದ. ಭಾನುವಾರದ ಬೆಳಗ್ಗೆ, ಕಣ್ಣು ಹಾಯುವವರೆಗೂ ಖಾಲಿ ರಸ್ತೆ. ಕಾನೂನು ಏನನ್ನುತ್ತದೆ ಎಂದು ನಮ್ಮನ್ನು ಕೇಳಬೇಡ, ಅವನೂ ಯಾರನ್ನೂ ಕೇಳಿರಲಿಲ್ಲ. ಪೂರ್ತಿ ತುಳಿದ. ಮೀಟರಿನ ಮುಳ್ಳು ಹಿಂದೆಂದೂ ಹೋಗದ ಕಡೆಗೆ ಹೋಯಿತು. ರಸ್ತೆ ಬೇಗ ಮುಗಿಯಿತು. ಅಷ್ಟೇ. ತಿರುಗಿಸಿಕೊಂಡು ಬಂದ.

ಅಪ್ಪ ಜಗಲಿಯಲ್ಲೇ ಇದ್ದ. "ಹೆಂಗಿತ್ತೋ?" ಎಂದ.

ಮಗ ಅವನ ಪಕ್ಕದಲ್ಲಿ ಕೂತ. "ಚೆನ್ನಾಗಿತ್ತು. ಆದ್ರೆ ನಿನಗೆ ತೋರಿಸ್ಲಿಲ್ಲ. ಆರು ವರ್ಷ ಸುಮ್ಮನೆ ಹಂಪ್ ಹತ್ತಿಸಿ ಇಳಿಸಿ, ನಿನ್ನ ಮಂಡೀನೂ ಸವೆಸಿಬಿಟ್ಟೆ."

ಅಪ್ಪ ನಕ್ಕ. "ಆ ಸ್ಪೀಡು ಯಾರಿಗೆ ಬೇಕಿತ್ತೋ. ಮೂವತ್ತೆರಡು ವರ್ಷ ನಿಂತ್ಕೊಂಡೇ ಓಡಾಡಿದೋನು ನಾನು. ಯಾರ್ಯಾರೋ ಹತ್ಲಿ ಅಂತ ಮಳೇಲಿ ಬಿಸಿಲಲ್ಲಿ ಬಸ್ ನಿಲ್ಲಿಸ್ಕೊಂಡು ಕಾದಿದೀನಿ. ನಾನು ಹತ್ಲಿ ಅಂತ ಗಾಡಿ ನಿಲ್ಲಿಸ್ಕೊಂಡು ಕಾದೋನು ನೀನೊಬ್ಬನೇ ಕಣಪ್ಪ. ಅದೂ ದಿನಕ್ಕೆ ಎಂಟು ಸಲ."

ಆ ಎಂಟು ಸಲವೂ ಮಗ ಒಳಗೇ ಸಿಡುಕಿಕೊಂಡು ಕಾದಿದ್ದ. ಅಪ್ಪನಿಗೆ ಅದು ಗೊತ್ತಿರಲಿಲ್ಲ. ಇಲ್ಲವೇ ಗೊತ್ತಿದ್ದೂ ಮನಸ್ಸಿಗೆ ಹಚ್ಚಿಕೊಂಡಿರಲಿಲ್ಲ.

ಮರುವರ್ಷ ಅಪ್ಪ ತೀರಿಕೊಂಡ. ವ್ಯಾಪಾರಿ ಈಗಲೂ ಅದೇ ಕಾರಿನಲ್ಲಿ ಅಂಗಡಿಗೆ ಹೋಗುತ್ತಾನೆ. ಒಬ್ಬನೇ ಇರುವುದರಿಂದ ತಳ ಎಲ್ಲೂ ತಾಗುವುದಿಲ್ಲ. ಆದರೂ ಎತ್ತರದ ನಾಲ್ಕು ಹಂಪ್ ದಾಟಿದ ಮೇಲೆ ಸ್ವಲ್ಪ ಮುಂದೆ ನಿಲ್ಲಿಸುತ್ತಾನೆ. ಒಬ್ಬ ಮುದುಕ ನಡೆದು ಬಂದು ಹತ್ತುವಷ್ಟು ಹೊತ್ತು ನಿಂತು ಹೊರಡುತ್ತಾನೆ. ಹಿಂದಿನವರು ಹಾರನ್ ಹೊಡೆಯುತ್ತಾರೆ, ಬೈಯುತ್ತಾರೆ. ಅವನಿಗೆ ಈಗ ಗಡಿಯಾರ ನೋಡುವ ಅಭ್ಯಾಸವಿಲ್ಲ. ಒಮ್ಮೆ ಅವನು ಇಲ್ಲಿಗೆ ಬಂದಿದ್ದ. ನೀನು ಕೂತಿರುವ ಚಾಪೆಯ ಮೇಲೆಯೇ ಕೂತು ಹನ್ನೊಂದು ಹಂಪ್‌ಗಳ ಹೆಸರನ್ನೂ ಹೇಳಿದ. ಯಾವ ಹಂಪಿನ ಹತ್ತಿರ ಅಪ್ಪ ಯಾವ ಮಾತು ಆಡಿದ್ದ, ಯಾವಾಗ ನಕ್ಕಿದ್ದ, ಯಾವತ್ತು ಅವನ ಅಂಗಿಯ ಗುಂಡಿ ಕಿತ್ತುಹೋಗಿತ್ತು, ಎಲ್ಲ ಹೇಳಿದ. ಒಂದೇ ಕಿವಿಯಲ್ಲಿ ಕೇಳಿದ್ದು ಅಷ್ಟೆಲ್ಲ ಉಳಿದಿತ್ತು. ಕೇಳುತ್ತ ಕೇಳುತ್ತ ನಮಗೂ ಕಣ್ಣು ತುಂಬಿತು. ಸನ್ಯಾಸಿಗೂ ಒಬ್ಬ ಅಪ್ಪ ಇದ್ದನಲ್ಲ.

ಗುರುಗಳು ಕತೆ ನಿಲ್ಲಿಸಿದರು. ವಾಗೀಶನ ಮನಸ್ಸು ಆ ಖಾಲಿ ಬೈಪಾಸ್ ರಸ್ತೆಯಲ್ಲೇ ಉಳಿದಿತ್ತು.

"ಬುದ್ಧಿ, ಆ ಭಾನುವಾರ ಅವನು ಕೊನೆಗೆ ಎಷ್ಟು ಸ್ಪೀಡ್ ಮುಟ್ಟಿದ?"

ಗುರುಗಳು ಪುಸ್ತಕ ತೆರೆಯುತ್ತ ಹೇಳಿದರು: "ನಾವೂ ಅದನ್ನೇ ಕೇಳಿದ್ದೆವು, ಅವನಿಗೆ ನೆನಪಿರಲಿಲ್ಲ."