ಖಾಲಿ ಪೆಟ್ಟಿಗೆಗೆ ಕುಂಕುಮ

“ಗುರುಗಳೇ, ಇನ್ನೂ ಒಳ್ಳೆಯದು ಬರಲಿದೆ ಎಂದು ಗೊತ್ತಿರುವಾಗ ಕಾಯುವುದು ತಪ್ಪೇ?” ಎಂದು ಶಿಷ್ಯ ಕೇಳಿದ.

ಗುರುಗಳು ವಚನಗಳಿಗೆ ಹೇಳುವ ಅರ್ಥವನ್ನು ಅವರ ದನಿಯಲ್ಲೇ ಕಂಪ್ಯೂಟರಿನಲ್ಲಿ ಉಳಿಸಿಡುವ ಕೆಲಸ ಅವನದು. ಮಠದ ಕಂಪ್ಯೂಟರ್ ಕೆಟ್ಟು ಬಹಳ ದಿನವಾಗಿತ್ತು. ಮುಂದಿನ ಡೆಸ್ಕ್‌ಟಾಪ್‌ಗಳಲ್ಲಿ ಎಂಥ ಪ್ರೊಸೆಸರ್ ಬರಬಹುದೆಂಬ ಊಹಾಪೋಹ ಓದುತ್ತ ಅವನು ಖರೀದಿಯನ್ನು ಮುಂದೂಡುತ್ತಲೇ ಇದ್ದ.

ಗುರುಗಳು ಅವನನ್ನು ಹತ್ತಿರ ಕೂರಿಸಿಕೊಂಡರು. ಆಮೇಲೆ ಒಂದು ಕತೆ ಹೇಳಿದರು:

ಒಬ್ಬ ಕಂಪ್ಯೂಟರ್ ರಿಪೇರಿಯವನಿದ್ದ. ಅವನ ತಾಯಿಗೆ ಸೋಬಾನೆ ಪದಗಳು ರಾಶಿ ರಾಶಿ ಬರುತ್ತಿದ್ದವು. ಅವನ್ನು ಬಲ್ಲವರು ಊರಿನಲ್ಲಿ ಬೇರೆ ಯಾರೂ ಉಳಿದಿರಲಿಲ್ಲ. ಅವನ್ನೆಲ್ಲ ಹಿಡಿದಿಡಬೇಕೆಂದು ಮಗ ತನ್ನ ಕೈಯಾರೆ ಒಂದು ಡೆಸ್ಕ್‌ಟಾಪ್ ಜೋಡಿಸತೊಡಗಿದ. ಪೆಟ್ಟಿಗೆ ತಂದ, ಪರದೆ ತಂದ, ಒಳ್ಳೆಯ ಮೈಕು ತಂದ. ಒಳಗಿನ ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಜಾಗವನ್ನು ಮಾತ್ರ ಖಾಲಿ ಬಿಟ್ಟ. ಬರಲಿರುವುದು ಬಹಳ ಚುರುಕಂತೆ ಎಂದು ಯಾರೋ ಹೇಳಿದ್ದರು. ಅದು ಈ ಬೋರ್ಡಿಗೆ ಕೂರುವುದೇ ಇಲ್ಲವಂತೆ ಎಂದು ಇನ್ಯಾರೋ ಹೇಳಿದರು. ಅವನು ಬೋರ್ಡನ್ನೇ ಕಿತ್ತು ಹಾಕಿದ. ಫೋನಿನಲ್ಲಾದರೂ ಹಿಡಿದಿಡಬಾರದೇ ಎಂದರೆ, ಅವ್ವನ ದನಿ ಕೆಡುತ್ತದೆ ಎನ್ನುತ್ತಿದ್ದ. ಭಾರಿ ಜಾಣ! ಆದರೆ ಅವನನ್ನು ದುರಾಸೆಯವನು ಎನ್ನಬೇಡ. ಅವನನ್ನು ಹಿಡಿದದ್ದು ಭಯ. ಇಂದು ಕೂರಿಸಿದ್ದು ನಾಳೆ ಹಳತಾದರೆ?

ತಾಯಿ ಬೆಳಗಿನ ಕೆಲಸ ಮುಗಿಸಿ ಬಂದು ಪೆಟ್ಟಿಗೆಯ ಮುಂದೆ ಕೂರುವಳು. “ಇವತ್ತು ಹಾಡ್ಲಾ ಮಗ?”

“ತಡಿಯವ್ವ, ದೀಪಾವಳಿಗೆ ಹೊಸಾದು ಬತ್ತದಂತೆ. ಈಗ ಹಾಕುದ್ರೆ ನಾಳೀಕೇ ಹಳೇದಾಯ್ತದೆ.”

ಆಯುಧಪೂಜೆ ಬಂತು. ಒಳಗೇನೂ ಇಲ್ಲದ ಆ ಪೆಟ್ಟಿಗೆಗೆ ತಾಯಿ ಕುಂಕುಮವಿಟ್ಟು ಹೂ ಮುಡಿಸಿದಳು. ಮರುವರ್ಷವೂ ಹಾಗೆಯೇ ಆಯಿತು. ಈ ನಡುವೆ ಅವಳು ಒಲೆಯ ಮೇಲೆ ಹಾಲಿಟ್ಟು ಮರೆಯತೊಡಗಿದ್ದಳು. ಮಗ ಅದನ್ನು ಗಮನಿಸಲಿಲ್ಲ. ಅವನ ಕಿವಿಯೆಲ್ಲ ಸುದ್ದಿಯ ಕಡೆಗಿತ್ತು.

ಕೊನೆಗೊಂದು ದಿನ ಹೊಸ ಪ್ರೊಸೆಸರ್ ಬಂತು. ಮಗ ಹೊಸ ಬೋರ್ಡು ತಂದು ಅದನ್ನು ಕೂರಿಸಿ, ಮೈಕನ್ನು ತಾಯಿಯ ಮುಂದಿಟ್ಟು, “ಹಾಡವ್ವ” ಎಂದ. ತಾಯಿ ಮೊದಲ ಸಾಲು ಹಾಡಿ ನಿಲ್ಲಿಸಿದಳು. ಮತ್ತೆ ಅದೇ ಸಾಲು ಹಾಡಿದಳು. ಆಮೇಲೆ ಹೆದರಿದ ಕಣ್ಣುಗಳಿಂದ ಮಗನನ್ನು ನೋಡಿದಳು.

“ಮುಂದೇನು ಮಗ?”

ಮಗನಿಗೂ ಗೊತ್ತಿರಲಿಲ್ಲ. ಹೇಗೂ ಕಂಪ್ಯೂಟರ್ ಉಳಿಸಿಡುತ್ತದಲ್ಲ ಎಂದು ಅವನು ಒಂದು ಪದವನ್ನೂ ಕಲಿತಿರಲಿಲ್ಲ.

ಕತೆ ಮುಗಿಯಿತು. ಶಿಷ್ಯ ನಾಚಿ ತಲೆ ತಗ್ಗಿಸಿದ.

“ಇವತ್ತೇ ಹೋಗಿ ಸಿಕ್ಕಿದ್ದನ್ನು ತರುತ್ತೇನೆ, ಗುರುಗಳೇ. ನಾಳೆ ಬೆಳಗ್ಗೆ, ಅರ್ಧಕ್ಕೆ ನಿಂತಿದೆಯಲ್ಲ, ಆ ವಚನದಿಂದಲೇ ಶುರು ಮಾಡೋಣ.”

ಗುರುಗಳು ತಲೆಯೆತ್ತಿ ಶಿಷ್ಯನನ್ನು ನೋಡಿದರು. ಅವರ ಕಣ್ಣುಗಳಲ್ಲಿ ಭಯವಿತ್ತು. ಶಿಷ್ಯನನ್ನು ಪರೀಕ್ಷಿಸಲೆಂದು ಅವರು ಕೇಳಿದ್ದಲ್ಲ:

“ಯಾವ ವಚನ, ಮಗು?”