ಒಂದು ಗೇಣು ಎಡಕ್ಕೆ

"ಗುರುಗಳೇ, ನೀವು ಹೇಳಿಕೊಟ್ಟ ಹಾಗೆಯೇ ಹನ್ನೊಂದು ವರ್ಷ ಧ್ಯಾನಕ್ಕೆ ಕುಳಿತಿದ್ದೇನೆ. ನಿಮ್ಮ ಬಳಿ ಬರುವ ಮೊದಲು ನನ್ನಷ್ಟಕ್ಕೆ ಕುಳಿತಾಗ ಒಂದು ಸುಖವಿತ್ತು. ಆಮೇಲೆ ಅದು ಬರಲಿಲ್ಲ. ನಾನು ಎಲ್ಲಿ ತಪ್ಪಿದೆ?" ಎಂದು ಶಿಷ್ಯ ಕೇಳಿದ.

ಗುರುಗಳು ಈ ಪ್ರಶ್ನೆಯನ್ನು ಹಲವರ ಬಾಯಲ್ಲಿ ಕೇಳಿದ್ದರು. "ಇನ್ನೂ ಸ್ವಲ್ಪ ದಿನ ಕುಳಿತುಕೋ" ಎಂಬುದು ಅವರ ರೂಢಿಯ ಉತ್ತರ. ಆ ದಿನ ಅದನ್ನು ಹೇಳಲು ಬೇಸರವಾಯಿತು. ಬದಲಿಗೆ ಒಂದು ಕತೆ ಹೇಳಿದರು.

ಒಂದು ಕೋಟೆ. ಅದನ್ನು ಕಾಯಲು ಬಿಲ್ಲಾಳುಗಳ ಕೆಲವು ಮನೆತನಗಳಿದ್ದವು. ಅವರಲ್ಲಿ ತಲೆಮಾರುಗಳಿಂದ ಬಂದ ಒಂದು ಪಾಠವಿತ್ತು: ಗುರಿಯನ್ನು ನೋಡಬೇಡ, ಗುರಿಯಿಂದ ಒಂದು ಗೇಣು ಎಡಕ್ಕೆ ನೋಡು. ಹಾಗೆ ನೋಡಿ ಬಿಟ್ಟ ಬಾಣ ಗುರಿಗೆ ತಾಗುತ್ತಿತ್ತು. ತಾಗುತ್ತಿದ್ದುದರಿಂದ ಕಾರಣವನ್ನು ಯಾರೂ ಹುಡುಕಲಿಲ್ಲ. ಆದರೆ ಅರ್ಥ ಹೇಳುವವರಿಗೆ ಕೊರತೆ ಇರಲಿಲ್ಲ. ಗುರಿಯನ್ನೇ ನೋಡುವುದು ಆಸೆ, ಪಕ್ಕಕ್ಕೆ ನೋಡುವುದು ವೈರಾಗ್ಯ ಎಂದು ಒಬ್ಬ ಹೇಳಿದ. ಹೃದಯ ಇರುವುದು ಎಡಕ್ಕೆ ಎಂದು ಇನ್ನೊಬ್ಬ ಹೇಳಿದ. ಎರಡನ್ನೂ ಜನ ಬಾಯಿಪಾಠ ಮಾಡಿದರು.

ಒಬ್ಬ ಕಾವಲುಗಾರ ತೀರಿಕೊಂಡ. ಅವನ ಕೆಲಸ ಮಗನಿಗೆ ಸಿಗಬೇಕಾದರೆ ಮುಂದಿನ ವರ್ಷದ ಮಾರ್ನವಮಿಯ ದಿನ ಪರೀಕ್ಷೆ ಕೊಡಬೇಕು. ನಲವತ್ತು ಹೆಜ್ಜೆ ದೂರದಲ್ಲಿ ತೂಗುಹಾಕಿದ ಸೋರೆಬುರುಡೆಗೆ ಮೂರು ಬಾಣ ತಾಗಬೇಕು. ಬಿಲ್ಲಾಳುಗಳ ಹಿರಿಯ ಬೆನ್ನ ಹಿಂದೆ ನಿಂತು ಬಾಣದ ಮೊನೆ ಎತ್ತ ಇದೆಯೆಂದು ನೋಡುತ್ತಾನೆ. ಗುರಿ ತಾಗಿದರೂ ಮೊನೆ ಪಾಠದಂತೆ ಇರದಿದ್ದರೆ ಕೆಲಸವಿಲ್ಲ. ಕೆಲಸ ಹೋದರೆ ಕೋಟೆಯೊಳಗಿನ ಮನೆಯೂ ಹೋಗುತ್ತದೆ. ಆ ಮನೆಯಲ್ಲಿ ಅವನ ತಾಯಿ ಇದ್ದಳು, ಹೆಂಡತಿ ಇದ್ದಳು.

ಅಪ್ಪನ ಬಿಲ್ಲು ಸೀಳು ಬಿಟ್ಟಿತ್ತು. ಬಿಲ್ಲು ಮಾಡುತ್ತಿದ್ದ ಮನೆತನ ಮಕ್ಕಳಿಲ್ಲದೆ ನಿಂತುಹೋಗಿತ್ತು. ಮಗ ಊರಾಚೆ ಬುಟ್ಟಿ ಹೆಣೆಯುತ್ತಿದ್ದ ಒಬ್ಬ ಹೆಂಗಸಿನ ಬಳಿ ಹೋದ. ಅವಳಿಗೆ ಬಿಲ್ವಿದ್ಯೆ ಗೊತ್ತಿರಲಿಲ್ಲ, ಬಿದಿರು ಗೊತ್ತಿತ್ತು. ಒಂದು ಬಿದಿರನ್ನು ಆರಿಸಿ, ನೆರಳಿನಲ್ಲಿ ಮಲಗಿಸಿ ಒಣಗಿಸಿದಳು. ದಿನಕ್ಕೆ ಸ್ವಲ್ಪ ಸ್ವಲ್ಪ ಹೆರೆದು, ಬೆರಳ ಮೇಲೆ ತೂಗಿ ನೋಡಿ, ಮತ್ತೆ ಹೆರೆದಳು. ಆಳೆತ್ತರದ ಬಿಲ್ಲಾಗಲು ಹನ್ನೊಂದು ತಿಂಗಳು ಹಿಡಿಯಿತು.

ಅವನು ಅದನ್ನು ಕೆರೆಯ ದಂಡೆಗೆ ಒಯ್ದ. ಅಲ್ಲಿ ಪಾಠ ಹೇಳುವವರು ಇರಲಿಲ್ಲ. ಒಂದು ಒಣ ಕೊಂಬೆಯನ್ನು ನೋಡಿದ, ಬಾಣ ಬಿಟ್ಟ. ಬಾಣ ಕೊಂಬೆಗೆ ತಾಗಿತು. ಹುತ್ತವನ್ನು ನೋಡಿದ, ಹುತ್ತಕ್ಕೆ ತಾಗಿತು. ಕಣ್ಣು ಹೋದಲ್ಲಿ ಬಾಣ ಹೋಯಿತು. ಎಂಟು ದಿನ ಅವನು ಊಟದ ಹೊತ್ತು ಮರೆತ. ಬಸುರಿ ಹೆಂಡತಿ ಬುತ್ತಿ ತಂದು, "ನನ್ನನ್ನು ಮದುವೆಯಾದಾಗಲೂ ನೀನು ಇಷ್ಟು ನಕ್ಕಿರಲಿಲ್ಲ" ಎಂದಳು.

ಒಂಬತ್ತನೆಯ ದಿನ ಹಿರಿಯ ಅತ್ತ ಬಂದ.

"ಎಲ್ಲಿ ನೋಡುತ್ತಿದ್ದೀಯಪ್ಪ?"

"ಗುರಿಯನ್ನು."

"ಗುರಿಯನ್ನು ಕಾಗೆಯೂ ನೋಡುತ್ತದೆ. ನಿಮ್ಮಪ್ಪ ಇಷ್ಟೇ ಕಲಿಸಿದ್ದೇ?"

ಅವನು ನಾಚಿದ. ಒಂದು ಗೇಣು ಎಡಕ್ಕೆ ನೋಡಿ ಬಾಣ ಬಿಟ್ಟ. ಬಾಣ ಸರಿಯಾಗಿ ಒಂದು ಗೇಣು ಎಡಕ್ಕೆ ಹೋಯಿತು. ಮತ್ತೆ ಬಿಟ್ಟ, ಮತ್ತೆ ಅಲ್ಲಿಗೇ ಹೋಯಿತು.

"ಬುಟ್ಟಿಯವಳ ಬಿಲ್ಲು. ಇದರಲ್ಲಿ ಸೊಪ್ಪು ಹೊತ್ತುಕೊಂಡು ಬಾ" ಎಂದು ಹಿರಿಯ ಹೊರಟುಹೋದ.

ಮಾರ್ನವಮಿಗೆ ಮೂರು ದಿನ ಉಳಿದಿತ್ತು. ಅವನು ಹೊಸ ಬಿಲ್ಲನ್ನೂ ಅಪ್ಪನ ಬಿಲ್ಲನ್ನೂ ಹೆಂಗಸಿನ ಮುಂದೆ ಇಟ್ಟ. ಅವಳು ಎರಡನ್ನೂ ಹಾಸುಗಲ್ಲಿನ ಮೇಲೆ ಮಲಗಿಸಿದಳು. ಹೊಸದು ಕಲ್ಲಿಗೆ ಅಂಟಿ ಮಲಗಿತು. ಹಳೆಯದರ ಒಂದು ತುದಿ ಹೆಬ್ಬೆರಳಿನಷ್ಟು ಮೇಲೆದ್ದಿತು.

"ನಿಮ್ಮಲ್ಲಿ ಮೊದಲು ಬಿಲ್ಲು ಮಾಡಿದವನು ಯಾರೋ ಬಿದಿರನ್ನು ಗೋಡೆಗೆ ಒರಗಿಸಿ ಒಣಗಿಸಿದ್ದಾನೆ. ಅದು ತಿರುಚಿಕೊಂಡಿದೆ. ಬಾಣ ಬಲಕ್ಕೆ ಹಾರಿತು, ಅವನು ಎಡಕ್ಕೆ ನೋಡಿದ. ಅವನದು ಜಾಣತನ. ಆಮೇಲಿನವರು ಆ ತಿರುಚನ್ನೂ ಅಳೆದು ಬಿಲ್ಲು ಮಾಡುತ್ತ ಬಂದಿದ್ದಾರೆ. ಇದನ್ನು ನಿಮ್ಮ ಹಿರಿಯನಿಗೆ ತೋರಿಸು."

"ತೋರಿಸಿದರೆ ಅವನ ಮನೆಯ ಬಿಲ್ಲುಗಳೆಲ್ಲ ಸೊಟ್ಟ ಎಂದ ಹಾಗೆ. ನನಗೆ ಮನೆ ಕೊಡಬೇಕಾದವನು ಅವನೇ."

"ಹಾಗಾದರೆ ಏನು ಮಾಡಲಿ?"

ಅವನು ಬಹಳ ಹೊತ್ತು ಹೊಸ ಬಿಲ್ಲನ್ನು ಸವರುತ್ತ ಕುಳಿತ. ಆಮೇಲೆ, "ಇದನ್ನೂ ತಿರುಚು, ಅಕ್ಕ" ಎಂದ.

ಅವಳು ಬಿಲ್ಲಿಗೆ ಎಣ್ಣೆ ಸವರಿ ಕೆಂಡಕ್ಕೆ ಹಿಡಿದಳು. ಬಿದಿರು ಮೆತ್ತಗಾದಾಗ ತಿರುಚಿ, ತಣ್ಣೀರು ಚಿಮುಕಿಸಿ, ಹಳೆಯದರ ಪಕ್ಕದಲ್ಲಿ ಇಟ್ಟು ನೋಡಿದಳು. ಎರಡೂ ಒಂದೇ ಎತ್ತರಕ್ಕೆ ಎದ್ದಿದ್ದವು.

"ನೇರ ಮಾಡುವುದಕ್ಕೆ ಹನ್ನೊಂದು ತಿಂಗಳು ಬೇಕಾಯಿತು" ಎಂದಳು. ಕೈ ತೊಳೆದುಕೊಂಡು ಬುಟ್ಟಿ ಹೆಣೆಯಲು ಕುಳಿತಳು.

ಮಾರ್ನವಮಿಯ ದಿನ ಅವನು ಒಂದು ಗೇಣು ಎಡಕ್ಕೆ ನೋಡಿ ಮೂರು ಬಾಣ ಬಿಟ್ಟ. ಮೂರೂ ಬುರುಡೆಗೆ ತಾಗಿದವು. ಹಿರಿಯ ಬೆನ್ನು ತಟ್ಟಿ, "ಬಿಲ್ಲು ಈಗ ಪಳಗಿತು" ಎಂದ. ಕೆಲಸ ಸಿಕ್ಕಿತು, ಮನೆ ಉಳಿಯಿತು, ಮಗು ಆ ಮನೆಯಲ್ಲೇ ಹುಟ್ಟಿತು. ಮೂವತ್ತು ವರ್ಷ ಅವನು ಕೋಟೆ ಕಾದ. ಒಮ್ಮೆಯೂ ಗುರಿ ತಪ್ಪಲಿಲ್ಲ. ಪಾಳಿ ಇಲ್ಲದ ದಿನ ಬಿಲ್ಲನ್ನು ಗೂಟದಿಂದ ಇಳಿಸಲೂ ಇಲ್ಲ, ಕೆರೆಯ ದಂಡೆಗೆ ಹೋಗಲೂ ಇಲ್ಲ. ವಯಸ್ಸಾದ ಮೇಲೆ ಅವನೇ ಬಿಲ್ಲಾಳುಗಳ ಹಿರಿಯನಾದ. ಹೊಸಬರ ಬೆನ್ನ ಹಿಂದೆ ನಿಂತು, ಒಂದು ಗೇಣು ಎಡಕ್ಕೆ ಎಂದು ಕಲಿಸಿದ.

ಗುರುಗಳು ನಿಲ್ಲಿಸಿದರು.

ಶಿಷ್ಯ ಕೇಳಿದ: "ಎಲ್ಲ ಗೊತ್ತಿದ್ದೂ ಹಾಗೆಯೇ ಕಲಿಸಿದನೇ?"

"ಅವನಿಗೆ ಗೊತ್ತಾದರೂ ಇತ್ತು, ನಾನು ನನ್ನ ಗುರುಗಳ ಬಿಲ್ಲನ್ನು ಹಾಸುಗಲ್ಲಿನ ಮೇಲೆ ಇಟ್ಟು ನೋಡಲೇ ಇಲ್ಲ."