ಒಂಬತ್ತು ಮನೆಗಳ ಲೆಕ್ಕ

"ಗುರುಗಳೇ, ಎಷ್ಟು ಸಾಧಿಸಿದರೂ ಇದಕ್ಕಿಂತ ಮೇಲಿನದು ಇನ್ನೆಲ್ಲೋ ಇದೆ ಎಂದೇ ಮನಸ್ಸು ಹೇಳುತ್ತದೆ. ಮುಟ್ಟಬೇಕಾದ್ದನ್ನು ಮುಟ್ಟಿದ್ದೇನೆ ಎಂದು ತಿಳಿಯುವುದು ಹೇಗೆ?" ಎಂದು ಶಿಷ್ಯ ಸಂಗಯ್ಯ ಕೇಳಿದ.

ಗುರುಗಳು ಹೇಳಿದರು:

ಒಬ್ಬ ಕಂಚುಗಾರನಿದ್ದ. ಅವನು ಎರಕ ಹೊಯ್ದ ಗಂಟೆಗಳಿಗೆ ಸುತ್ತಲಿನ ಊರುಗಳಲ್ಲಿ ಹೆಸರಿತ್ತು. ಒಮ್ಮೆ ಅವನ ಜಗಲಿಯಲ್ಲಿ ತಂಗಿದ್ದ ದಾರಿಹೋಕನೊಬ್ಬ ಹೊರಡುವ ಮುಂಚೆ ನೆಲದ ಮೇಲೆ ಒಂಬತ್ತು ಮನೆಗಳನ್ನು ಬರೆದ. ಅಡ್ಡಕ್ಕೆ ಮೂರು, ಉದ್ದಕ್ಕೆ ಮೂರು.

"ಒಂದರಿಂದ ಒಂಬತ್ತರವರೆಗಿನ ಅಂಕಿಗಳನ್ನು ಮನೆಗೊಂದರಂತೆ ಇಡು. ಅಡ್ಡಕ್ಕೆರಡು ಉದ್ದಕ್ಕೆರಡು ಒತ್ತಾಗಿರುವ ನಾಲ್ಕು ಮನೆ ಸೇರಿದರೆ ಒಂದು ಚೌಕ. ಅಂಥ ಚೌಕಗಳು ಇಲ್ಲಿ ನಾಲ್ಕಿವೆ. ಒಂದೊಂದರ ಮೊತ್ತ ತೆಗೆದು ನಾಲ್ಕನ್ನೂ ಕೂಡಿಸು. ಹೆಚ್ಚೆಂದರೆ ಎಷ್ಟು ಬರುತ್ತದೆ ನೋಡು" ಎಂದು ಹೇಳಿ ಹೋದ.

ಕಂಚುಗಾರ ಒಂಬತ್ತು ಬಿಲ್ಲೆಗಳ ಮೇಲೆ ಅಂಕಿ ಕೊರೆದುಕೊಂಡ. ಸಾಲಾಗಿ ಇಟ್ಟಾಗ ಎಂಬತ್ತು ಬಂತು. ಅದಲು ಬದಲು ಮಾಡಿದ; ತೊಂಬತ್ತು ದಾಟಿತು. ಮೂರನೆಯ ದಿನ ತೊಂಬತ್ತೆಂಟು ಬಂತು. ಅವನಿಗೆ ಖುಷಿಯಾಯಿತು. ತೊಂಬತ್ತೆಂಟು ಬಂದ ಮೇಲೆ ತೊಂಬತ್ತೊಂಬತ್ತು ಯಾಕೆ ಬರಬಾರದು ಅನ್ನಿಸಿತು. ಬಿಲ್ಲೆಗಳನ್ನು ಕಲಸಿ ಮತ್ತೆ ಕುಳಿತ.

ಹಾಗೇ ಏಳು ವರ್ಷ ಹೋಯಿತು. ಕುಲುಮೆಗೆ ಬೆಂಕಿ ಹಾಕುವುದನ್ನು ಬಿಟ್ಟ. ಗಂಟೆ ಮಾಡಿಸಲು ಬಂದವರು ಬೇರೆ ಊರಿಗೆ ಹೋದರು. ಮಗಳ ಮದುವೆಯ ದಿನ ಧಾರೆ ಎರೆದವನೇ ಬಂದು ಬಿಲ್ಲೆಗಳ ಮುಂದೆ ಕುಳಿತ. ಎಷ್ಟೋ ಸಲ ತೊಂಬತ್ತೆಂಟು ಬಂತು. ಒಂದು ಸಲವೂ ಅದನ್ನು ದಾಟಲಿಲ್ಲ.

ಕೊನೆಗೆ ಅವನ ಕಣ್ಣು ಮಂಜಾಯಿತು. ಹೆಂಡತಿಯನ್ನು ಕರೆದು, ತಾನು ಹೇಳಿದ ಹಾಗೆ ಬಿಲ್ಲೆ ಇಡು ಎಂದ. ಅವಳು ನಿಯಮವನ್ನು ಆಗ ಮೊದಲ ಸಲ ಕೇಳಿ ತಿಳಿದುಕೊಂಡು ಇಟ್ಟಳು. ಆ ಸಲವೂ ತೊಂಬತ್ತೆಂಟು. ಕಲಸು ಎಂದ. ಅವಳು ಕಲಸಲಿಲ್ಲ.

"ನಡುವಿನ ಮನೆ ನಾಲ್ಕೂ ಚೌಕಗಳಲ್ಲಿ ಎಣಿಕೆಗೆ ಬರುತ್ತದೆ. ಅಲ್ಲಿ ಒಂಬತ್ತಿದೆ. ಅದರ ನಾಲ್ಕು ಪಕ್ಕದವು ಎರಡೆರಡು ಸಲ ಬರುತ್ತವೆ. ಅಲ್ಲಿ ಐದು, ಆರು, ಏಳು, ಎಂಟು ಇವೆ. ಮೂಲೆಯವು ಒಂದೇ ಸಲ. ಅಲ್ಲಿರುವವು ಚಿಕ್ಕವು. ಇದಕ್ಕಿಂತ ಹೆಚ್ಚು ಎಲ್ಲಿಂದ ಬರಬೇಕು ಹೇಳಿ" ಎಂದಳು.

ಅವನು ಬೆರಳಿನಿಂದ ಒಂದೊಂದೇ ಮನೆ ಮುಟ್ಟಿ ನೋಡಿದ.

"ಹಾಗಾದರೆ ಮೂರನೆಯ ದಿನವೇ ಮುಗಿದಿತ್ತು" ಎಂದ.

ಮರುದಿನ ಕುಲುಮೆ ಹೊತ್ತಿಸಿದ. ಆ ಕಣ್ಣಿನಲ್ಲಿ ಗಂಟೆ ಎರಕ ಹೊಯ್ಯಲು ಆಗಲಿಲ್ಲ. ಉಳಿದಷ್ಟು ಕಾಲ ಸಣ್ಣ ಬಟ್ಟಲುಗಳನ್ನು ಮಾಡಿಕೊಂಡಿದ್ದ.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಸಂಗಯ್ಯನಿಗೆ ಸಮಾಧಾನವಾಗಲಿಲ್ಲ.

"ಇಷ್ಟು ಸುಲಭದ್ದನ್ನು ಹೇಳದೆ ಆ ಹೆಂಗಸು ಏಳು ವರ್ಷ ಯಾಕೆ ಸುಮ್ಮನಿದ್ದಳು?" ಎಂದು ಕೇಳಿದ.

ಗುರುಗಳು ಹೇಳಿದರು: "ಸುಮ್ಮನೆಲ್ಲಿದ್ದಳು? ದಿನವೂ ಊಟಕ್ಕೆ ಕರೆಯುತ್ತಿದ್ದಳು."